ಬೀಜ ಯಾರ ಕೈಯಲ್ಲಿದೆ?

ಜಹೀರಾಬಾದಿನ ಗೆಳೆಯನೊಬ್ಬ ‘ಕಲ್ಕಿ 2898 ಎಡಿ’ ಸಿನಿಮಾ ನೋಡಿ ಬಂದವನು, ಇಂಥ ಲೋಕದ ಒಳ್ಳೆಯ ಕಾದಂಬರಿ ಯಾವುದಾದರೂ ಇದ್ದರೆ ಹೇಳಿ ಎಂದು ಕೇಳಿದ. ಈಚಿನದೇ ಆಗಬೇಕು ಎಂದೂ ಸೇರಿಸಿದ. ಆತನ ಊರು ನಾರಾಯಣಖೇಡದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಓದಿದ್ದು ತೆಲುಗು ಶಾಲೆಯಲ್ಲಿ, ಸಂತೆಯಲ್ಲಿ ಮರಾಠಿಯೂ ದಖನಿಯೂ ನಡೆಯುತ್ತವೆ. ಜಹೀರಾಬಾದಿನ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿಯ ಕೆಲಸ. ಅಕ್ಕನನ್ನು ತಾಂಡೂರಿಗೆ ಕೊಟ್ಟಿದ್ದಾರೆ. ಅವರದು ತೊಗರಿ ಹೊಲ, ಭಾವ ಕಲ್ಲಿನ ಪಾಲಿಶ್ ಘಟಕದಲ್ಲಿ ದುಡಿಯುತ್ತಾರೆ. ಇಂಗ್ಲಿಷನ್ನು ಗೆಳೆಯ ನಿಧಾನವಾಗಿ ಓದುತ್ತಾನೆ, ಆದರೆ ಹಿಡಿದದ್ದನ್ನು ಬಿಡುವುದಿಲ್ಲ. ಯಂತ್ರಗಳ ಜೊತೆ ಬರುವ ಕೈಪಿಡಿಗಳನ್ನು ಓದಿ ಓದಿ ಗಟ್ಟಿಯಾದ ಇಂಗ್ಲಿಷ್ ಅದು.

ಇಂಥ ಓದುಗನಿಗೆ ಪುಸ್ತಕ ಆರಿಸುವುದು ಹಗುರ ಕೆಲಸವಲ್ಲ. ಪಾಳಿ ಮುಗಿಸಿ ಬಂದು, ಮಕ್ಕಳು ಮಲಗಿದ ಮೇಲೆ ಹತ್ತಿಪ್ಪತ್ತು ಪುಟ ಓದುವವನ ತಿಂಗಳುಗಟ್ಟಲೆ ರಾತ್ರಿಗಳನ್ನು ನಾವು ಕೇಳುತ್ತಿರುತ್ತೇವೆ. ಸುಲಭದ ದಾರಿಯೆಂದರೆ ಪ್ರಶಸ್ತಿ ಪಟ್ಟಿ ತೆರೆಯುವುದು. ಹ್ಯೂಗೊ, ನೆಬ್ಯುಲಾ, ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಗಳು ಬಂದ ಕಾದಂಬರಿಗಳಲ್ಲಿ ಮೇಲ್ಮಟ್ಟದವು ಬೇಕಾದಷ್ಟಿವೆ. ಆದರೆ ಅವನ್ನು ಆರಿಸುವವರು ಇದೇ ಬಗೆಯ ನೂರಾರು ಪುಸ್ತಕ ಓದಿ ಪಳಗಿದವರು. ಅವರಿಗೆ ರುಚಿಸುವುದು ಆ ಪರಂಪರೆಯೊಳಗಿನ ಹೊಸತನ. ಚೀನಾದ ಲಿಯು ಸಿಕ್ಸಿನ್ ಅವರ ‘ದ ಥ್ರೀ-ಬಾಡಿ ಪ್ರಾಬ್ಲಮ್’ಗೆ 2015ರಲ್ಲಿ ಹ್ಯೂಗೊ ಬಂತು. ಕಲ್ಪನೆಯ ಅಗಾಧತೆಯಲ್ಲಿ ಅದಕ್ಕೆ ಸರಿಸಾಟಿ ಸಿಗುವುದು ಕಷ್ಟ. ಆದರೂ ಅದರ ಮನುಷ್ಯರು ಚದುರಂಗದ ಮಣೆಯ ಕಾಯಿಗಳು. ಅವರ ಮನೆ, ಅಡುಗೆ, ಜಗಳ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ನಾಲ್ಕನೆಯದೋ ಐದನೆಯದೋ ಪುಸ್ತಕವಾಗಿ ಅದನ್ನು ಕೊಡಬಹುದು, ಮೊದಲನೆಯದಾಗಿ ಖಂಡಿತ ಬೇಡ. ಸಮಂತಾ ಹಾರ್ವೆಯವರ ‘ಆರ್ಬಿಟಲ್’ 2024ರ ಬುಕರ್ ಪಡೆಯಿತು. ಬಾಹ್ಯಾಕಾಶ ನಿಲ್ದಾಣದ ಆರು ಜನ ಒಂದೇ ದಿನದಲ್ಲಿ ಹದಿನಾರು ಸಲ ಭೂಮಿಯನ್ನು ಸುತ್ತುತ್ತಾರೆ, ಅಷ್ಟೆ. ಘಟನೆ ಎಂಬುದು ಇಲ್ಲವೇ ಇಲ್ಲ. ಗದ್ಯದ ಸೊಬಗಿಗಾಗಿ ನಾನು ಅದನ್ನು ಮತ್ತೆ ಓದುತ್ತೇನೆ, ಈ ಗೆಳೆಯನಿಗೆ ಮಾತ್ರ ಕೊಡುವುದಿಲ್ಲ.

ನನ್ನ ಅಳತೆಗೋಲು ಬೇರೆ. ಒಂದು ವೈಜ್ಞಾನಿಕ ಕಾದಂಬರಿ ಕೈಗೆತ್ತಿಕೊಂಡಾಗ ನಾನು ಕೇಳುವುದು: ಈ ಲೋಕದಲ್ಲಿ ತಿಳಿವಳಿಕೆ ಯಾರ ಕೈಯಲ್ಲಿದೆ? ಯಂತ್ರ ಕೆಟ್ಟರೆ ತೆರೆದು ನೋಡುವವರು ಯಾರು? ದೊಡ್ಡವನೊಬ್ಬ ಎಲ್ಲವನ್ನೂ ಕಂಡುಹಿಡಿದು ಉಳಿದವರು ಕಣ್ಣರಳಿಸಿ ನಿಲ್ಲುವ ಕಾದಂಬರಿ ಎಷ್ಟೇ ರೋಚಕವಾಗಿದ್ದರೂ ಜಹೀರಾಬಾದಿನ ಓದುಗನಿಗೆ ಸಾಲದು. ಆ ನೆಲದಲ್ಲಿ ನಡೆದದ್ದೇ ಬೇರೆ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರದ ಮೇದಕಕ್ಕೆ ಸೇರಿದವು. ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ಕೂಡ ಅತ್ತ ಹೋದವು. ಬಳಗ ಇತ್ತ ಉಳಿಯಿತು, ಪಹಣಿ ಅತ್ತ ಹೋಯಿತು. ಈಗಲೂ ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಬೀದರ್ ಕಡೆಯವರು ಹೋಗುತ್ತಾರೆ, ಅತ್ತಲವರು ಹೆಣ್ಣು ಕೊಡುವುದು ತರುವುದಕ್ಕೆ ಇತ್ತ ಬರುತ್ತಾರೆ. ಗಡಿಯ ಊರು ಎಂದರೆ ಹಿಂದುಳಿದ ಊರು, ಹೊಸದು ಅಲ್ಲಿಗೆ ಕೊನೆಗೆ ತಲುಪುತ್ತದೆ ಎಂದು ಬೆಂಗಳೂರಿನಲ್ಲಿ ಕೂತವರಿಗೆ ಅನ್ನಿಸಬಹುದು.

ಆದರೆ 1975ರ ಆಗಸ್ಟ್ 1ರಂದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂದಾಗ, ಆಗಿನ ಆಂಧ್ರದ ಮೇದಕ್, ಕರ್ನಾಟಕದ ಕಲಬುರಗಿ ಜಿಲ್ಲೆಗಳೂ ಆ ಪಟ್ಟಿಯಲ್ಲಿದ್ದವು. ಬೆಂಗಳೂರು ಪೇಟೆಯಲ್ಲಿ ಟಿವಿ ಇನ್ನೂ ಇರಲಿಲ್ಲ. ಸೈಟ್ ಎಂದು ಹೆಸರಾದ ಆ ಪ್ರಯೋಗಕ್ಕೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ತಂದಿದ್ದರು. ಊರಿಗೆ ಬಂದದ್ದು ಕೋಳಿಗೂಡಿಗೆ ಕಟ್ಟುವಂಥ ತಂತಿಬಲೆಯ, ಹತ್ತಡಿ ಅಗಲದ ಆಂಟೆನಾ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸಿದ ಟಿವಿ. ಅದರಲ್ಲಿ ಬೇಸಾಯ, ಆರೋಗ್ಯ, ಶಾಲೆಯ ಪಾಠ. ಭಾಷೆ ಕನ್ನಡ ಮತ್ತು ತೆಲುಗು ಕೂಡ. ಉಪಗ್ರಹದ ಮೂಲಕ ಹೀಗೆ ಸಂಪರ್ಕ ಸಾಧ್ಯ ಎಂದು 1945ರಲ್ಲೇ ಬರೆದಿದ್ದವರು ಆರ್ಥರ್ ಸಿ. ಕ್ಲಾರ್ಕ್. ಆ ಪ್ರಯೋಗದ ಒಂದು ಆಂಟೆನಾವನ್ನು ಇಸ್ರೊದವರು ಕೊಲಂಬೊದಲ್ಲಿದ್ದ ಅವರ ಮನೆಗೂ ಹಾಕಿಕೊಟ್ಟರು. ವಿಜ್ಞಾನ ಸಾಹಿತ್ಯದ ದೊರೆಯೂ ಮೇದಕದ ಹಳ್ಳಿಯ ಮಕ್ಕಳೂ ಒಂದೇ ಉಪಗ್ರಹದ ಕೆಳಗೆ ಕೂತು ಟಿವಿ ನೋಡಿದರು ಎಂಬುದು ನನಗೆ ಯಾವ ಕಾದಂಬರಿಗಿಂತಲೂ ಕಡಿಮೆಯ ಸಂಗತಿಯಲ್ಲ.

ವರ್ಷ ಮುಗಿಯಿತು, ಉಪಗ್ರಹ ವಾಪಸು ಹೋಯಿತು. ಮೇಲಿನಿಂದ ಬಂದದ್ದು ಮೇಲಿನವರ ಜೊತೆಗೇ ಹೋಯಿತು. ಮುಂದೆ ಅದೇ ಸೀಮೆಯಲ್ಲಿ ಇನ್ನೊಂದು ನಡೆಯಿತು. ಮೈಸೂರಿನವರಾದ ಪಿ.ವಿ. ಸತೀಶ್ ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. 1983ರಲ್ಲಿ ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿ ಜಹೀರಾಬಾದಿನ ಪಸ್ತಾಪುರದಲ್ಲಿ ನೆಲೆಯೂರಿದರು. 2023ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಅವರ ಕೆಲಸ ಅಲ್ಲಿಯ ದಲಿತ ಹೆಂಗಸರ ಸಂಘಗಳ ಜೊತೆಗೆ. ಆ ಹೆಂಗಸರು ಕ್ಯಾಮೆರಾ ಹಿಡಿದು ವರಂಗಲ್ಲಿನ ಬಿಟಿ ಹತ್ತಿ ಬೆಳೆಗಾರರ ಪಾಡನ್ನು ಚಿತ್ರೀಕರಿಸಿದರು. ಮಾಚನೂರಿನಲ್ಲಿ ರೇಡಿಯೊ ಕೇಂದ್ರದ ಕಟ್ಟಡ ಎದ್ದು ಹತ್ತು ವರ್ಷವಾದರೂ ಪರವಾನಗಿ ಸಿಗದೆ, ಧ್ವನಿಮುದ್ರಿಸಿದ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಕೇಳಿಸುತ್ತ ಕಾದರು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ ಗಾಳಿಗೆ ಬಂತು. ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ ಎಂಬ ಇಬ್ಬರು ಅದನ್ನು ನಡೆಸಿದರು. ಮೈಕು, ಮಿಕ್ಸರು, ಎಡಿಟಿಂಗು ಎಲ್ಲ ಅವರ ಕೈಯಲ್ಲೇ.

ಇದನ್ನೆಲ್ಲ ಕಂಡ ಊರಿನವನಿಗೆ, ವಿಜ್ಞಾನವೆಂದರೆ ಬಿಳಿ ಕೋಟಿನವರ ಖಾಸಗಿ ಆಸ್ತಿ ಎಂದು ನಂಬಿರುವ ಕಾದಂಬರಿಯನ್ನು ನಾನು ಯಾವ ಮುಖ ಇಟ್ಟುಕೊಂಡು ಕೊಡಲಿ?

ಈ ಅಳತೆಗೋಲಿಗೆ ಮೊದಲು ಸಿಕ್ಕದ್ದು ಪಾವೊಲೊ ಬಾಚಿಗಲುಪಿಯವರ ‘ದ ವಿಂಡಪ್ ಗರ್ಲ್’. 2009ರದು, ತೀರ ಈಚಿನದೇನಲ್ಲ. ಆದರೆ ಬೀಜದ ಮೇಲೆ ಇಷ್ಟು ಗಂಭೀರವಾಗಿ ಬರೆದ ಇನ್ನೊಂದು ವೈಜ್ಞಾನಿಕ ಕಾದಂಬರಿಯನ್ನು ನಾನು ಓದಿಲ್ಲವಾದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗಲಾಗಲಿಲ್ಲ. ಮುಂದೆಂದೋ ಒಂದು ಕಾಲದ ಬ್ಯಾಂಕಾಕ್. ಪೆಟ್ರೋಲು ಮುಗಿದಿದೆ, ಸಮುದ್ರ ಏರಿದೆ. ಜಗತ್ತಿನ ಅನ್ನವೆಲ್ಲ ಕೆಲವೇ ‘ಕ್ಯಾಲೊರಿ ಕಂಪನಿ’ಗಳ ಹಿಡಿತದಲ್ಲಿದೆ. ಅವರ ಬೀಜ ಮತ್ತೆ ಮೊಳೆಯುವುದಿಲ್ಲ. ಪ್ರಯೋಗಾಲಯದಿಂದ ಹೊರಬಿದ್ದ ರೋಗಗಳು ಉಳಿದ ಬೆಳೆಯನ್ನೆಲ್ಲ ನುಂಗಿವೆ. ಥಾಯ್ಲೆಂಡ್ ಮಾತ್ರ ತನ್ನದೊಂದು ಬೀಜ ಭಂಡಾರವನ್ನು ಗುಟ್ಟಾಗಿ ಉಳಿಸಿಕೊಂಡಿದೆ. ಅದನ್ನು ಹುಡುಕಿಕೊಂಡು ಕಂಪನಿಯ ಏಜೆಂಟನೊಬ್ಬ ವೇಷ ಮರೆಸಿ ಬಂದಿದ್ದಾನೆ. ಮಾರುಕಟ್ಟೆಯಲ್ಲಿ, ಅಳಿದುಹೋಯಿತೆಂದುಕೊಂಡಿದ್ದ ಹಣ್ಣೊಂದು ರಾಶಿ ರಾಶಿ ಮಾರಾಟಕ್ಕಿರುವುದನ್ನು ಅವನು ಕಾಣುವಲ್ಲಿಂದ ಕಥೆ ಏಳುತ್ತದೆ. ಒಂದು ಹಣ್ಣಿನ ರುಚಿಯಿಂದ ರಾಜಕಾರಣವನ್ನು ಎಬ್ಬಿಸುವ ಆ ಕೌಶಲಕ್ಕೆ ಮಣಿಯಲೇಬೇಕು.

ಆದರೂ ಪುಸ್ತಕ ಮುಚ್ಚಿದಾಗ ಒಂದು ಕೊರತೆ ಕಾಡುತ್ತದೆ. ಬೀಜಕ್ಕಾಗಿ ಇಷ್ಟೆಲ್ಲ ರಕ್ತ ಹರಿಯುವ ಕಥೆಯಲ್ಲಿ ಬಿತ್ತುವವರೇ ಇಲ್ಲ. ಕಂಪನಿಯಿದೆ, ಮಂತ್ರಿಯಿದ್ದಾನೆ, ಸೈನ್ಯವಿದೆ, ತಳಿ ತಿದ್ದುವ ಪ್ರಚಂಡ ವಿಜ್ಞಾನಿಯಿದ್ದಾನೆ. ಒಕ್ಕಲಿಗನ ಮಾತು ಕೇಳಿಸುವುದಿಲ್ಲ. ಬೀಜವೆಂದರೆ ಅಲ್ಲಿ ಬೀಗ ಹಾಕಿದ ನೆಲಮಾಳಿಗೆಯ ನಿಧಿ.

ಜಹೀರಾಬಾದ್ ಸೀಮೆಯಲ್ಲಿ ಬೀಜ ಕಾಯುವ ಬಗೆಯನ್ನು ಹತ್ತಿರದಿಂದ ನೋಡಿದವರಿಗೆ ಈ ಕೊರತೆ ಇನ್ನೂ ಚುಚ್ಚುತ್ತದೆ. ಬಿದಿರಿನ ಬುಟ್ಟಿಗೆ ಒಳಗೂ ಹೊರಗೂ ಸಗಣಿ ಮಣ್ಣು ಸಾರಿಸಿ ಒಣಗಿಸುತ್ತಾರೆ. ಜೋಳ, ನವಣೆ, ತೊಗರಿ, ಅಗಸಿ, ಒಂದೊಂದಕ್ಕೆ ಒಂದೊಂದು ಬುಟ್ಟಿ. ಕಾಳಿಗೆ ಒಲೆಯ ಬೂದಿ ಬೆರೆಸಿ, ನಡುವೆ ಬೇವಿನ ಎಲೆ ಹಾಕಿ, ಮೇಲೆ ಮತ್ತೆ ಮಣ್ಣು ಬಳಿದು ಬಾಯಿ ಮುಚ್ಚುತ್ತಾರೆ. ಯಾವ ಬುಟ್ಟಿಯಲ್ಲಿ ಏನಿದೆ ಎಂದು ಮನೆಯೊಡತಿಗೆ ಚೀಟಿ ಬೇಡ. ನೆರೆಯವಳು ಕೇಳಿದರೆ ಬೀಜ ಸಾಲ ಹೋಗುತ್ತದೆ, ಸುಗ್ಗಿಗೆ ಹೆಚ್ಚಾಗಿ ಮರಳಿ ಬರುತ್ತದೆ. ಒಂದು ಎಕರೆಯಲ್ಲಿ ಹದಿನೈದು ಇಪ್ಪತ್ತು ಬಗೆ ಬಿತ್ತುವ ಹೊಲಗಳು ಇಲ್ಲಿವೆ. ಪ್ರತಿ ಸಂಕ್ರಾಂತಿಯ ಸುಮಾರಿಗೆ ಆ ಬೀಜಗಳನ್ನು ಎತ್ತಿನ ಗಾಡಿಗಳಲ್ಲಿ ಶೃಂಗರಿಸಿ ಊರೂರು ಸುತ್ತಿಸುವ ಹಳೆ ಬೆಳೆಗಳ ಜಾತ್ರೆ ಹೊರಡುತ್ತದೆ. ಜಹೀರಾಬಾದಿನಿಂದ ಹೆದ್ದಾರಿಯಲ್ಲಿ ಹೈದರಾಬಾದಿನತ್ತ ಹೋದರೆ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ತಳಿ ಬ್ಯಾಂಕು. ಶೀತಲ ಕೋಣೆಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಮಾದರಿಗಳನ್ನು ಕಾಯ್ದಿಟ್ಟಿದ್ದಾರೆ. ಅದೂ ಬೇಕು, ಇದೂ ಬೇಕು. ಬಾಚಿಗಲುಪಿಯವರ ಕಲ್ಪನೆ ಶೀತಲ ಕೋಣೆಯವರೆಗೆ ಹೋಗಿ ನಿಂತಿತು, ಬುಟ್ಟಿಯವರೆಗೆ ಬರಲಿಲ್ಲ. ಜೊತೆಗೆ ಎಮಿಕೊ ಎಂಬ ಕೃತಕ ಹೆಣ್ಣಿನ ಮೇಲೆ ನಡೆಯುವ ಹಿಂಸೆಯನ್ನು ಪುಸ್ತಕ ಅಗತ್ಯಕ್ಕಿಂತ ಬಿಡಿಸಿ ಬಿಡಿಸಿ ಬರೆಯುತ್ತದೆ. ಅಕ್ಕನೂ ಓದಬಹುದಾದ ಮನೆಗೆ ಆ ಪುಟಗಳನ್ನು ಮುನ್ನೆಚ್ಚರಿಕೆ ಹೇಳದೆ ಕಳಿಸುವುದು ನನ್ನ ಮನಸ್ಸಿಗೆ ಬರಲಿಲ್ಲ. ಹಾಗಾಗಿ ಇದನ್ನು ಬದಿಗಿಟ್ಟೆ.

ಲಾವಣ್ಯ ಲಕ್ಷ್ಮಿನಾರಾಯಣ್ ಅವರ ‘ದ ಟೆನ್ ಪರ್ಸೆಂಟ್ ಥೀಫ್’ ಕೂಡ ಬೀಜದಿಂದಲೇ ಹೊರಡುತ್ತದೆ. 2020ರಲ್ಲಿ ಇಲ್ಲಿ ‘ಅನಲಾಗ್/ವರ್ಚುವಲ್’ ಎಂಬ ಹೆಸರಲ್ಲಿ ಬಂದು, 2023ರಲ್ಲಿ ಹೊರದೇಶದಲ್ಲಿ ಈ ಹೆಸರು ಪಡೆದು, 2024ರ ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಏರಿದ ಪುಸ್ತಕ. ಅದರ ನಗರದ ಹೆಸರು ಅಪೆಕ್ಸ್ ಸಿಟಿ. ಹಿಂದೆ ಬೆಂಗಳೂರು ಆಗಿತ್ತು. ಅಲ್ಲಿ ಮನುಷ್ಯರನ್ನು ಅಂಕದ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಮೇಲಿನ ಇಪ್ಪತ್ತು ಶೇಕಡದವರಿಗೆ ಎಲ್ಲ ಭಾಗ್ಯ, ಕೆಳಗಿನ ಹತ್ತು ಶೇಕಡಕ್ಕೆ ಜಾರಿದವರಿಗೆ ಯಾವ ಗಳಿಗೆಯಲ್ಲಾದರೂ ಗಡೀಪಾರು. ಗಡಿಯಾಚೆ ಕರೆಂಟಿಲ್ಲ, ನಲ್ಲಿ ನೀರಿಲ್ಲ. ಆಚೆಯ ಕಳ್ಳಿಯೊಬ್ಬಳು ಈಚೆ ನುಗ್ಗಿ ಜಕರಂಡದ ಒಂದೇ ಒಂದು ಬೀಜ ಕದ್ದು ತನ್ನವರ ಬರಡು ನೆಲದಲ್ಲಿ ನೆಡುತ್ತಾಳೆ.

ಇದು ನನಗೆ ತುಂಬ ಹತ್ತಿರವಾದ ಕಲ್ಪನೆ. ತಿಳಿವಳಿಕೆ ಮೇಲಿನವರ ಕೈಯಲ್ಲಿದೆ, ಅದನ್ನು ಕೆಳಗಿನವರು ಕಿತ್ತು ತರುತ್ತಾರೆ. ಗಡಿರೇಖೆ ಎಳೆದವರಾರು, ಅದರ ಯಾವ ಬದಿಗೆ ಬಿದ್ದೆವೆಂಬುದು ಬದುಕನ್ನು ಹೇಗೆ ತೀರ್ಮಾನಿಸುತ್ತದೆ ಎಂಬುದನ್ನು ನಾರಾಯಣಖೇಡದವನಿಗೆ ವಿವರಿಸಿ ಹೇಳಬೇಕಿಲ್ಲ. ಬೆಂಗಳೂರಿಗೆ ದುಡಿಯಲು ಹೋದ ಅವನ ಓರಗೆಯವರು ರೇಟಿಂಗ್ ನಕ್ಷತ್ರಗಳ ಲೆಕ್ಕದಲ್ಲಿ ಊಟ ಹೊತ್ತು ತಿರುಗುತ್ತಿರುವುದನ್ನು ಅವನು ನೋಡಿದ್ದಾನೆ. ಕೊರತೆಯೂ ಇದೆ. ಪುಸ್ತಕ ಬಿಡಿ ಬಿಡಿ ಕಥೆಗಳ ಹೆಣಿಗೆ. ಒಬ್ಬೊಬ್ಬರ ಪರಿಚಯವಾಗುತ್ತಿದ್ದಂತೆ ಅವರು ಹಿಂದೆ ಸರಿದು ಮತ್ತೊಬ್ಬರು ಬರುತ್ತಾರೆ. ನಿಧಾನ ಓದುವವನಿಗೆ ಹೆಸರುಗಳ ಜಾಡು ತಪ್ಪುತ್ತದೆ. ಮೇಲಿನವರ ಸೋಗು, ಧಾವಂತ, ಭಯಗಳನ್ನು ಲೇಖಕಿ ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ. ಆಚೆಯವರ ದಿನನಿತ್ಯ, ಅವರು ನೀರು ತರುವುದು, ಕೆಟ್ಟದ್ದನ್ನು ಸರಿಮಾಡಿಕೊಳ್ಳುವುದು ಅಷ್ಟು ಗಾಢವಾಗಿಲ್ಲ. ಬೆಂಗಳೂರಿನ ಭವಿಷ್ಯದ ಕಥೆಯಾಗಿ ಇದು ಕನ್ನಡದಲ್ಲೇ ಹುಟ್ಟಬೇಕಿತ್ತು ಎಂಬ ಸಂಕಟವನ್ನೂ ಮುಚ್ಚಿಡಲಾರೆ. ಆದರೂ ಇದು ಎರಡನೆಯ ಇಂಗ್ಲಿಷ್ ಪುಸ್ತಕವಾಗಿ ಅವನ ಕೈಸೇರಲಿ ಎಂಬುದು ನನ್ನ ನಿಶ್ಚಯ.

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ ‘ದ ಮಿನಿಸ್ಟ್ರಿ ಫಾರ್ ದ ಫ್ಯೂಚರ್’ (2020) ಬಗ್ಗೆ ನನಗೆ ಮೆಚ್ಚುಗೆಯೂ ಜಗಳವೂ ಸಮಸಮ. ಅದರ ಮೊದಲ ಅಧ್ಯಾಯ ಉತ್ತರ ಪ್ರದೇಶದ ಒಂದು ಊರಿನ ಬಿಸಿಲು. ಬಿಸಿಲಿಗಿಂತ ಭಯಂಕರವಾದದ್ದು ಗಾಳಿಯೊಳಗಿನ ತೇವ. ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ 35 ಡಿಗ್ರಿ ತೋರಿಸುವ ಹವೆಯಲ್ಲಿ ನೆರಳಲ್ಲಿ ಕೂತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಡೆಯಲಾರ. ಕಾದಂಬರಿಯಲ್ಲಿ ಕರೆಂಟು ಹೋಗುತ್ತದೆ, ಜನ ಕೆರೆಗೆ ಇಳಿಯುತ್ತಾರೆ, ಕೆರೆಯ ನೀರೂ ಮೈಗಿಂತ ಬಿಸಿಯಾಗಿರುತ್ತದೆ. ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಇಲ್ಲ. ಆ ಹತ್ತಾರು ಪುಟಗಳನ್ನು ಓದಿದ ಮೇಲೆ ಮೇ ತಿಂಗಳ ತಾಂಡೂರಿನಲ್ಲಿ ನೀರು ಸುರಿಸುತ್ತ ಕಲ್ಲು ಉಜ್ಜುವ ಯಂತ್ರದ ಮುಂದೆ, ತಗಡಿನ ಸೂರಿನ ಕೆಳಗೆ ನಿಂತವರನ್ನು ನೆನೆಯದೆ ಇರುವುದು ನನಗಂತೂ ಸಾಧ್ಯವಾಗಲಿಲ್ಲ.

ಇನ್ನು ಜಗಳ. ಆ ಊರಿನ ನರಕದಿಂದ ಬದುಕುಳಿದು ಸಾಕ್ಷಿಯಾಗುವವನು ಅಮೆರಿಕದಿಂದ ಸೇವೆಗೆ ಬಂದಿದ್ದ ಯುವಕ. ಕಾದಂಬರಿಯುದ್ದಕ್ಕೂ ಅವನ ದುಃಸ್ವಪ್ನ, ಅವನ ಪಾಪಪ್ರಜ್ಞೆ, ಅವನ ಪ್ರಾಯಶ್ಚಿತ್ತ. ಸತ್ತವರಿಗೆ ಮುಖವಿಲ್ಲ. ಆಮೇಲೆ ಕಥೆ ಜೂರಿಚ್ಚಿನ ಕಚೇರಿಗೆ ಹೋಗಿ ಬ್ಯಾಂಕು, ಕರೆನ್ಸಿ, ಹಿಮನದಿಗಳ ಚರ್ಚೆಯಲ್ಲಿ ಹರಡಿಕೊಳ್ಳುತ್ತದೆ. ಕಾದಂಬರಿಯೊಳಗಿನ ಭಾರತ ಯಾರ ಅಪ್ಪಣೆಗೂ ಕಾಯದೆ ವಿಮಾನಗಳಿಂದ ವಾಯುಮಂಡಲಕ್ಕೆ ಗಂಧಕದ ಡೈಆಕ್ಸೈಡ್ ಚೆಲ್ಲಿ ಬಿಸಿಲಿಗೆ ಅಡ್ಡ ಹಾಕುತ್ತದೆ; ಆ ಧೈರ್ಯವನ್ನು ರಾಬಿನ್ಸನ್ ಗೌರವದಿಂದಲೇ ಚಿತ್ರಿಸುತ್ತಾರೆ. ಆದರೆ ತೀರ್ಮಾನ ಮಾಡಿದವರು ಮಂತ್ರಿಗಳು, ಹಾರಿಸಿದವರು ಪೈಲಟ್‌ಗಳು. ಮಳೆ ನಂಬಿ ಜೋಳ ಬಿತ್ತಿದವಳಿಗೆ ಆ ಗಂಧಕದಿಂದ ಏನಾಯಿತು? ಆ ಅಧ್ಯಾಯ ಬರಲಿಲ್ಲ. ಸಂಘಂ ರೇಡಿಯೊದ ಹೆಂಗಸೊಬ್ಬಳು ಮೈಕು ಹಿಡಿದು ರಾಬಿನ್ಸನ್ ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಪುಸ್ತಕವನ್ನು ಪೂರ್ತಿ ಓದು ಎಂದು ಗೆಳೆಯನಿಗೆ ಹೇಳಲಾರೆ. ಮೊದಲ ಅಧ್ಯಾಯ ಓದು, ಭಾವನಿಗೆ ನಿನ್ನ ಮಾತಿನಲ್ಲಿ ಅದನ್ನು ಹೇಳು ಎನ್ನುತ್ತೇನೆ. ಕಾದಂಬರಿಯ ಒಂದು ಅಧ್ಯಾಯವನ್ನಷ್ಟೇ ಶಿಫಾರಸು ಮಾಡಬಾರದು ಎಂದು ಎಲ್ಲಿಯೂ ಬರೆದಿಲ್ಲ.

ಹಾಗಾದರೆ ಮೊದಲು ಕೊಟ್ಟದ್ದು ಯಾವುದು? ಆಂಡಿ ವಿಯರ್ ಅವರ ‘ಪ್ರಾಜೆಕ್ಟ್ ಹೇಲ್ ಮೇರಿ’ (2021). ಸಾಹಿತ್ಯದ ಕಟ್ಟುನಿಟ್ಟಿನಲ್ಲಿ ಮೇಲಿನ ಮೂರಕ್ಕೂ ಅದು ಒಂದು ಮೆಟ್ಟಿಲು ಕೆಳಗಿದೆ. ಗದ್ಯ ಸಪಾಟು. ಭೂಮಿಯ ಮೇಲಿನ ಪಾತ್ರಗಳು ತೆಳು. ಲೋಕದ ಎಲ್ಲ ಸರ್ಕಾರಗಳೂ ಒಬ್ಬಳೇ ಅಧಿಕಾರಿಯ ಕೈಗೆ ಸರ್ವಾಧಿಕಾರ ಕೊಟ್ಟು ಕೈಕಟ್ಟಿ ನಿಲ್ಲುತ್ತವೆ, ಅವಳು ಮಾಡಿದ್ದೆಲ್ಲ ಸರಿಯಾಗುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಆದರೂ ನನ್ನ ಅಳತೆಗೋಲಿಗೆ ಇಷ್ಟು ಚೆನ್ನಾಗಿ ಕೂಡುವ ಪುಸ್ತಕ ಈಚಿನ ವರ್ಷಗಳಲ್ಲಿ ಇನ್ನೊಂದಿಲ್ಲ.

ಸೂರ್ಯನ ಶಕ್ತಿಯನ್ನು ತಿನ್ನುವ ಸೂಕ್ಷ್ಮಜೀವಿಯೊಂದು ಕಾಣಿಸಿಕೊಂಡಿದೆ, ಸೂರ್ಯ ಮಂಕಾಗುತ್ತಿದ್ದಾನೆ. ಪರಿಹಾರ ಹುಡುಕಲು ದೂರದ ನಕ್ಷತ್ರವೊಂದಕ್ಕೆ ಹೋದ ನೌಕೆಯಲ್ಲಿ ಒಬ್ಬನೇ ಒಬ್ಬ ಉಳಿದಿದ್ದಾನೆ, ಅವನೊಬ್ಬ ಶಾಲಾ ಮೇಷ್ಟ್ರು. ತಾನು ಯಾರೆಂಬುದೇ ಮರೆತು ಎಚ್ಚರಗೊಂಡವನು, ತಾನೆಲ್ಲಿದ್ದೇನೆಂದು ಕೈಗೆ ಸಿಕ್ಕ ವಸ್ತುಗಳಿಂದಲೇ ಲೆಕ್ಕ ಹಾಕುತ್ತಾನೆ. ವಿಯರ್ ಅವರ ಹೆಗ್ಗಳಿಕೆ ಇರುವುದು ಇಲ್ಲಿ: ಲೆಕ್ಕದ ಹೆಜ್ಜೆಗಳನ್ನು ನುಂಗುವುದಿಲ್ಲ. ಓದುಗನೂ ಪಕ್ಕದಲ್ಲಿ ಕೂತು ಮಾಡಬಹುದು. ತಪ್ಪಿದರೆ ಎಲ್ಲಿ ತಪ್ಪಿತು ಎಂಬುದೂ ಕಾಣುತ್ತದೆ. ತಿಳಿವಳಿಕೆ ಲೇಖಕನ ಜೇಬಿನಲ್ಲಿ ಉಳಿಯದೆ ಓದುಗನ ಕೈಗೆ ಬರುತ್ತದೆ.

ಮುಂದೆ ಆ ಮೇಷ್ಟ್ರಿಗೆ ಇನ್ನೊಂದು ನಕ್ಷತ್ರದಿಂದ ಬಂದ ಜೀವಿ ಎದುರಾಗುತ್ತದೆ. ಐದು ಕಾಲು, ಕಲ್ಲಿನಂಥ ಮೈ; ರಾಕಿ ಎಂದು ಇವನು ಹೆಸರಿಡುತ್ತಾನೆ. ಅದಕ್ಕೆ ಕಣ್ಣಿಲ್ಲ, ಸದ್ದಿನಿಂದಲೇ ಜಗತ್ತನ್ನು ಅರಿಯುತ್ತದೆ. ಅದು ಬದುಕುವ ಅಮೋನಿಯಾ ಗಾಳಿ ಇವನಿಗೆ ವಿಷ. ರಾಕಿಯ ಜೊತೆಗಾರರೆಲ್ಲ ದಾರಿಯಲ್ಲಿ ಸತ್ತಿದ್ದಾರೆ, ಏಕೆಂದರೆ ಬಾಹ್ಯಾಕಾಶದ ವಿಕಿರಣ ಎಂಬುದೊಂದಿದೆ ಎಂದು ಅವರ ಕುಲಕ್ಕೇ ಗೊತ್ತಿಲ್ಲ. ಆದರೆ ಲೋಹ ವಿದ್ಯೆಯಲ್ಲಿ, ಕಟ್ಟುವ ಕೆಲಸದಲ್ಲಿ ಅವರು ನಮಗಿಂತ ಎಷ್ಟೋ ಮುಂದೆ. ಇವನು ಜೀವಶಾಸ್ತ್ರದ ಮೇಷ್ಟ್ರು, ಅದು ರಿಪೇರಿಯ ಕಸುಬಿನದು. ಇವನಿಗೆ ತಿಳಿದದ್ದು ಅದಕ್ಕೆ ತಿಳಿದಿಲ್ಲ, ಅದಕ್ಕೆ ತಿಳಿದದ್ದು ಇವನಿಗಿಲ್ಲ. ನಡುವೆ ಪಾರದರ್ಶಕ ಗೋಡೆ ಇಟ್ಟುಕೊಂಡು, ಸ್ವರಗಳನ್ನು ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಿಕೊಳ್ಳುತ್ತ, ಅಂಕಿಯಿಂದ ಶುರುಮಾಡಿ ಇಬ್ಬರೂ ಒಂದು ಮಾತು ಕಟ್ಟಿಕೊಳ್ಳುತ್ತಾರೆ. ತನ್ನ ಭಾಷೆಯನ್ನು ಯಾರೂ ಬಿಡುವುದಿಲ್ಲ. ಇವನು ಇಂಗ್ಲಿಷಿನಲ್ಲೇ ಆಡುತ್ತಾನೆ, ಅದು ತನ್ನ ಸ್ವರದಲ್ಲೇ ಉತ್ತರಿಸುತ್ತದೆ, ಇಬ್ಬರಿಗೂ ಅರ್ಥವಾಗುತ್ತದೆ. ಜಹೀರಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡಕ್ಕೆ ತೆಲುಗಿನಲ್ಲಿ, ತೆಲುಗಿಗೆ ದಖನಿಯಲ್ಲಿ ಉತ್ತರ ಬರುವುದನ್ನು ದಿನವೂ ಕೇಳುವವನಿಗೆ ಆ ಅಧ್ಯಾಯಗಳ ಸವಿ ನ್ಯೂಯಾರ್ಕಿನ ವಿಮರ್ಶಕನಿಗಿಂತ ಹೆಚ್ಚು ಸಿಗುತ್ತದೆಂದು ನಾನು ನಂಬಿದ್ದೆ. ಅರ್ಧ ಪುಸ್ತಕ ಮುಗಿದ ರಾತ್ರಿ ಗೆಳೆಯನ ಫೋನ್ ಬಂತು. “ಅಣ್ಣಾ, ಆ ರಾಕಿ ನಮ್ ಹಳೇ ಫಿಟ್ಟರ್ ಇದ್ದಂಗೇ ಹಾನ್ ನೋಡ್ರಿ. ಮಾತ್ ಕಡಿಮಿ, ಕೈ ಮಾತ್ರ ಬಂಗಾರ” ಎಂದ. ಒಂದು ಕಾದಂಬರಿಯ ಪಾತ್ರದ ಬಗ್ಗೆ ಇದಕ್ಕಿಂತ ಖಚಿತವಾದ ಮಾತು ನಾನು ಯಾವ ಪತ್ರಿಕೆಯಲ್ಲೂ ಓದಲಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಇಂಗ್ಲಿಷ್ ಪುಸ್ತಕಗಳೇ ಆದವು. ಕನ್ನಡದಲ್ಲಿ ಯಾವುದು ಎಂದು ಅವನೂ ಕೇಳಿದ. ತೆಲುಗು ಲಿಪಿ ಕಲಿತವನಿಗೆ ಕನ್ನಡ ಲಿಪಿ ದೂರದ್ದಲ್ಲ. ಅವನು ತಡವರಿಸುತ್ತ ಓದುತ್ತಾನೆ, ಓದಿದಾಗ ಮನೆಯ ಮಾತು ಕೇಳಿದ ಹಿಗ್ಗು ಅವನ ದನಿಯಲ್ಲಿರುತ್ತದೆ. ರಾಜಶೇಖರ ಭೂಸನೂರಮಠ ಅವರು ಈ ಪ್ರಕಾರಕ್ಕೆ ಕನ್ನಡದಲ್ಲಿ ಜೀವ ಸವೆಸಿದರು. ಅವರ ನಂತರ ಆ ಹೊಲ ಬೆಳೆಯಬೇಕಾದಷ್ಟು ಬೆಳೆಯಲಿಲ್ಲ. ನಮ್ಮಲ್ಲಿ ವಿಜ್ಞಾನ ಲೇಖನಕ್ಕೆ ನಾಗೇಶ ಹೆಗಡೆಯವರಂಥ ಸಮರ್ಥರು ಸಿಕ್ಕರು, ಕಾದಂಬರಿಗೆ ಸಿಕ್ಕವರು ಕಡಿಮೆ. ಕೃಷಿ ವಿಜ್ಞಾನಿಯೇ ಆದ ಕೆ.ಎನ್. ಗಣೇಶಯ್ಯನವರು ವಿಜ್ಞಾನ ಮತ್ತು ಚರಿತ್ರೆಯನ್ನು ಬೆರೆಸಿ ಬರೆದ ‘ಮೂಕ ಧಾತು’, ‘ಶಿಲಾಕುಲ ವಲಸೆ’ ಮುಂತಾದವಕ್ಕೆ ದೊಡ್ಡ ಓದುಗ ಬಳಗವಿದೆ. ನಿಜಾಮರ ಸಂಪತ್ತಿನ ಸುತ್ತ ಹೆಣೆದ ‘ಏಳು ರೊಟ್ಟಿಗಳು’ ಗೆಳೆಯನ ಸೀಮೆಯದೇ ಕಥೆ. ಅಡಿಟಿಪ್ಪಣಿ, ಆಕರಗಳನ್ನು ಕಾದಂಬರಿಯೊಳಗೇ ಇಟ್ಟು ನೀವೇ ಪರೀಕ್ಷಿಸಿ ಎನ್ನುವ ಅವರ ಪ್ರಾಮಾಣಿಕತೆ ನನಗೆ ಇಷ್ಟ. ಆದರೆ ಮಾಹಿತಿಯ ಭಾರಕ್ಕೆ ಪಾತ್ರಗಳು ಬಾಗುತ್ತವೆ. ಸುಳಿವಿನಿಂದ ಸುಳಿವಿಗೆ ಓಡುವ ಅವಸರದಲ್ಲಿ ಮನುಷ್ಯರು ಉಸಿರಾಡಲು ನಿಲ್ಲುವುದಿಲ್ಲ.

ಹೊಸದೇ ಬೇಕೆಂಬ ಅವನ ಷರತ್ತನ್ನು ಒಂದು ಕಡೆ ಮುರಿದೆ. ತೇಜಸ್ವಿಯವರ 1980ರ ‘ಕರ್ವಾಲೊ’ ಕೊಟ್ಟೆ. ಅದನ್ನು ವೈಜ್ಞಾನಿಕ ಕಾದಂಬರಿಯ ಕಪಾಟಿನಲ್ಲಿ ಇಡುವವರು ಕಡಿಮೆ, ರಾಕೆಟ್ಟಿಲ್ಲ, ರೋಬಾಟಿಲ್ಲ. ಆದರೆ ತಿಳಿವಳಿಕೆ ಯಾರ ಕೈಯಲ್ಲಿದೆ ಎಂದು ತೇಜಸ್ವಿಯವರಷ್ಟು ಒಳಹೊಕ್ಕು ಕೇಳಿದವರು ಯಾರಿದ್ದಾರೆ? ಜೇನು ಹಿಡಿಯುವ, ಕಳ್ಳಬಟ್ಟಿ ಕೇಸಿನಲ್ಲಿ ಸಿಕ್ಕಿಬೀಳುವ, ಊರಿನ ಕಣ್ಣಿಗೆ ದಡ್ಡನಾದ ಮಂದಣ್ಣನೇ ಹಾರುವ ಓತಿಯನ್ನು ಕಂಡವನು. ಅವನೊಳಗೊಬ್ಬ ನಿಸರ್ಗ ವಿಜ್ಞಾನಿ ಇದ್ದಾನೆಂದು ಗುರುತಿಸುವುದೇ ಕಾದಂಬರಿಯ ವಿಜ್ಞಾನಿ ಕರ್ವಾಲೊ ಅವರ ವಿಜ್ಞಾನ. ಕಾಡಿಗೆ ಹೊರಟ ತಂಡದಲ್ಲಿ ವಿಜ್ಞಾನಿ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಫೋಟೊದ ಪ್ರಭಾಕರ, ಕಿವಿ ಎಂಬ ನಾಯಿ ಎಲ್ಲರಿಗೂ ಕೆಲಸವಿದೆ. ಭವಿಷ್ಯದ ಕಥೆ ಬರೆಯುವ ಅಮೆರಿಕನ್ನರು ಎಷ್ಟೋ ಪುಟ ತಡಕಾಡಿದ ಜಾಗಕ್ಕೆ ಮೂಡಿಗೆರೆಯ ಈ ಸಣ್ಣ ಪುಸ್ತಕ ನಡೆದುಕೊಂಡೇ ಹೋಗಿ ತಲುಪಿತ್ತು.

ಗೆಳೆಯನ ತಂದೆ ಮರಾಠಿ ಚೆನ್ನಾಗಿ ಓದುವವರು. ಅವರಿಗೆಂದು ಜಯಂತ ನಾರ್ಳೀಕರರ ‘ವಾಮನ ಪರತ್ ನ ಆಲಾ’ ಸೇರಿಸಿದೆ. ನೆಲ ಅಗೆದಾಗ ಸಿಕ್ಕ ಹಳೆಯ ನಾಗರಿಕತೆಯ ಪೆಟ್ಟಿಗೆ, ಅದರಲ್ಲಿದ್ದ ಮಾಹಿತಿಯಂತೆ ಕಟ್ಟಿದ ಬುದ್ಧಿವಂತ ಯಂತ್ರ, ಆಮೇಲೆ ಆ ಯಂತ್ರದ ಆಸೆಗಳು. 1980ರ ದಶಕದ್ದಾದರೂ ಯಂತ್ರಗಳು ಮಾತನಾಡಲು ಕಲಿತಿರುವ ಈ ಕಾಲಕ್ಕೆ ಹಳತೆನಿಸುವುದಿಲ್ಲ. 2025ರ ಮೇ ತಿಂಗಳಲ್ಲಿ ನಾರ್ಳೀಕರರು ತೀರಿಕೊಂಡಾಗ ಖಗೋಳ ವಿಜ್ಞಾನಿಯೆಂದು ಎಲ್ಲರೂ ನೆನೆದರು. ಗಡಿಯ ಹಳ್ಳಿಗಳ ಮರಾಠಿ ಓದುಗರಿಗೆ ಅವರು ಮೊದಲು ಕಥೆಗಾರರು.

ಅಂತೂ ಈಗ ಪುಸ್ತಕಗಳ ಸರದಿ ಹೀಗಿದೆ. ‘ಪ್ರಾಜೆಕ್ಟ್ ಹೇಲ್ ಮೇರಿ’ ಮುಗಿಯಿತು, ‘ಕರ್ವಾಲೊ’ ನಡೆದಿದೆ. ‘ದ ಟೆನ್ ಪರ್ಸೆಂಟ್ ಥೀಫ್’ ಬೀದರಿನಿಂದ ಹೋಗುವ ಬಸ್ಸಿನಲ್ಲಿ ಪರಿಚಯದವರ ಕೈಯಲ್ಲಿ ಮುಂದಿನ ವಾರ ತಲುಪುತ್ತದೆ. ಅದರ ಮೊದಲ ಪುಟದಲ್ಲಿ ಪಾತ್ರಗಳ ಹೆಸರು, ಯಾರು ಯಾರೆಂಬುದನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ರಾಬಿನ್ಸನ್ ಅವರ ಮೊದಲ ಅಧ್ಯಾಯವನ್ನು ಮಾತ್ರ ತೊಗರಿ ಬಿತ್ತನೆ ಮುಗಿದು ತಾಂಡೂರಿಗೆ ಎರಡು ಮಳೆ ಬಿದ್ದ ಮೇಲೆ ಕಳಿಸುವವನಿದ್ದೇನೆ.